ಚುಕ್ಕೆ ಮಾಯವಾದರೆ ಖುಷಿಪಡಬೇಡಿ: ಉಪ್ಪುನೀರಿನ ಹೊಸ ಮೀನಿಗೆ ಬೇರೆ ಟ್ಯಾಂಕ್ ಯಾಕೆ, ಹೇಗೆ

ಉಪ್ಪುನೀರಿನ ಅಕ್ವೇರಿಯಂ ಶುರು ಮಾಡಿದ ಮೊದಲ ವರ್ಷ ನಾನೊಂದು ಟ್ಯಾಂಗ್ ಮೀನು ತಂದೆ. ಅಂಗಡಿಯಲ್ಲಿ ಚೆನ್ನಾಗಿ ತಿನ್ನುತ್ತಿತ್ತು, ಮೈಮೇಲೆ ಒಂದು ಗೀರೂ ಇರಲಿಲ್ಲ. ಹಾಗಾಗಿ ಅರ್ಧ ಗಂಟೆ ಚೀಲವನ್ನು ನೀರಿನ ಮೇಲೆ ತೇಲಿಸಿ, ಸೀದಾ ದೊಡ್ಡ ಟ್ಯಾಂಕಿಗೇ ಬಿಟ್ಟೆ. ನಾಲ್ಕನೇ ದಿನ ಅದರ ರೆಕ್ಕೆಯ ಅಂಚಿನಲ್ಲಿ ಪುಡಿಯುಪ್ಪಿನ ಕಾಳಿನಂಥ ಐದಾರು ಬಿಳಿ ಚುಕ್ಕೆ. ಆಹಾರಕ್ಕೆ ಬೆಳ್ಳುಳ್ಳಿ ರಸ ಬೆರೆಸಿ ಹಾಕಿ ಅಂತ ಯಾರೋ ಹೇಳಿದರು, ಹಾಕಿದೆ. ಏಳನೇ ದಿನ ಬೆಳಿಗ್ಗೆ ನೋಡಿದರೆ ಒಂದು ಚುಕ್ಕೆಯೂ ಇಲ್ಲ! ಬೆಳ್ಳುಳ್ಳಿಯ ಪವಾಡ ಅಂದುಕೊಂಡು ಖುಷಿಯಾಗಿ ಓಡಾಡಿದೆ. ಮುಂದೆ ಹತ್ತು ಹನ್ನೆರಡು ದಿನ ಕಳೆಯುವಷ್ಟರಲ್ಲಿ ಟ್ಯಾಂಕಿನಲ್ಲಿದ್ದ ಆರೂ ಮೀನುಗಳ ಮೈಮೇಲೆ ಯಾರೋ ಉಪ್ಪು ಎರಚಿದ ಹಾಗಿತ್ತು. ಕೊನೆಗೆ ಉಳಿದದ್ದು ಎರಡು.

ಆ ಏಳನೇ ದಿನದ ಬೆಳಿಗ್ಗೆ ನಿಜವಾಗಿ ಏನಾಗಿತ್ತು ಅನ್ನೋದು ಅರ್ಥವಾದರೆ ಕ್ವಾರಂಟೈನ್ ಟ್ಯಾಂಕಿನ, ಅಂದರೆ ಹೊಸ ಮೀನನ್ನು ಕೆಲವು ವಾರ ಬೇರೆ ಇಡುವ ತೊಟ್ಟಿಯ ಬಗ್ಗೆ ಮುಕ್ಕಾಲು ಪಾಲು ಅರ್ಥವಾದ ಹಾಗೆ. ಅದರ ಬೋಳು ತಳ, ಕೊಳಾಯಿ ಪೈಪಿನ ತುಂಡುಗಳು, ವಾರಗಟ್ಟಲೆ ಕಾಯುವುದು, ಎಲ್ಲಕ್ಕೂ ಕಾರಣ ಅಲ್ಲೇ ಇದೆ. ಹಾಗಾಗಿ ಏನೇನು ಸಾಮಾನು ಬೇಕು ಅನ್ನೋದಕ್ಕೆ ಮುಂಚೆ ಆ ಚುಕ್ಕೆಯ ಕಥೆ.

ಚುಕ್ಕೆ ಎಲ್ಲಿಗೆ ಹೋಗುತ್ತದೆ

ಇದನ್ನು ಮರೈನ್ ಇಕ್ ಅಂತ ಕರೆಯುತ್ತಾರೆ. ಮಾಡುವುದು ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಅನ್ನೋ ಒಂದೇ ಜೀವಕೋಶದ ಪರಾವಲಂಬಿ. ಅದು ಮೀನಿನ ಚರ್ಮದ ಮೇಲೆ ಕೂರುವುದಿಲ್ಲ, ಚರ್ಮದೊಳಕ್ಕೆ ಕೊರೆದು ಹೋಗಿ ಕೂರುತ್ತದೆ. ಅಲ್ಲಿ ಮೂರರಿಂದ ಏಳು ದಿನ ತಿಂದು ದಪ್ಪವಾಗುತ್ತದೆ. ನಮಗೆ ಕಾಣುವ ಬಿಳಿ ಚುಕ್ಕೆ ಅಂದರೆ ಹೀಗೆ ಹೊಟ್ಟೆ ತುಂಬಿಸಿಕೊಂಡು ಕೂತಿರುವ ಒಂದು ಜೀವಿ. ಹೊಟ್ಟೆ ತುಂಬಿದ ಮೇಲೆ ಅದು ತಾನಾಗಿಯೇ ಮೀನನ್ನು ಬಿಟ್ಟು ಕೆಳಗೆ ಬೀಳುತ್ತದೆ, ಅದೂ ಹೆಚ್ಚಾಗಿ ಕತ್ತಲಲ್ಲಿ. ಬೆಳಿಗ್ಗೆ ಎದ್ದು ನೋಡುವವರಿಗೆ ಮೀನು ಫಳಫಳ.

ಕೆಳಗೆ ಬಿದ್ದದ್ದು ಕೆಲವು ಗಂಟೆ ತೆವಳಿ ಕಲ್ಲಿಗೋ ಮರಳಿಗೋ ಗಾಜಿಗೋ ಬಸವನಹುಳುವಿನ ಚಿಪ್ಪಿಗೋ ಅಂಟಿಕೊಂಡು ತನ್ನ ಸುತ್ತ ಗಟ್ಟಿ ಕವಚ ಕಟ್ಟಿಕೊಳ್ಳುತ್ತದೆ. ಒಳಗೆ ಒಂದು ಎರಡಾಗಿ, ಎರಡು ನಾಲ್ಕಾಗಿ, ನೂರಾರು ಮರಿ. ಈ ಕವಚ ಒಡೆಯಲು ಸಾಮಾನ್ಯವಾಗಿ 3ರಿಂದ 28 ದಿನ ಬೇಕು. ಆದರೆ 72 ದಿನದವರೆಗೂ ತಡವಾಗಿ ಒಡೆದದ್ದು ದಾಖಲಾಗಿದೆ. ಹೊರಬಂದ ಮರಿಗಳಿಗೆ ಬದುಕಲು ಮೀನು ಬೇಕೇ ಬೇಕು. ಒಂದೆರಡು ದಿನದೊಳಗೆ ಸಿಗದಿದ್ದರೆ ಸತ್ತು ಹೋಗುತ್ತವೆ.

ಸಮುದ್ರದಲ್ಲಿ ಹೀಗೆ ಹೊರಬಂದ ಮರಿಗಳಲ್ಲಿ ಬಹುಪಾಲು ಮೀನು ಸಿಗದೆ ಸಾಯುತ್ತವೆ, ಯಾಕೆಂದರೆ ಅಲ್ಲಿ ನೀರು ಅಷ್ಟು ದೊಡ್ಡದು. ನಮ್ಮ ಗಾಜಿನ ಪೆಟ್ಟಿಗೆಯಲ್ಲಿ ಮೀನು ದಿನಾ ರಾತ್ರಿ ಒಂದೇ ಮೂಲೆಯಲ್ಲಿ ಮಲಗುತ್ತದೆ. ಇನ್ನೇನು ಬೇಕು?

ನನ್ನ ಬೆಳ್ಳುಳ್ಳಿಗೂ ಆ ಏಳನೇ ದಿನಕ್ಕೂ ಸಂಬಂಧವೇ ಇರಲಿಲ್ಲ. ಐದಾರು ಚುಕ್ಕೆಗಳು ಕೆಳಗಿಳಿದು ಮರಿ ಹಾಕಲು ಹೋಗಿದ್ದವು, ಅಷ್ಟೇ.

ಇನ್ನೊಂದು ಮಾತು. ಅಂಗಡಿಯಲ್ಲಿ ಮೀನು ಚೊಕ್ಕವಾಗಿ ಕಂಡಿತಲ್ಲ, ಅದಕ್ಕೂ ಅರ್ಥವಿಲ್ಲ. ಈ ಜೀವಿ ಕಿವಿರುಗಳೊಳಗೆ ಕೂತಿದ್ದರೆ ಹೊರಗಿನಿಂದ ಕಾಣುವುದೇ ಇಲ್ಲ. ಎಷ್ಟೋ ಕಡೆ ಅಂಗಡಿಯ ನೀರಿನಲ್ಲಿ ಔಷಧಿಯಾಗಿ ಹಾಕಿದ ಸಣ್ಣ ಪ್ರಮಾಣದ ತಾಮ್ರ ಇರುತ್ತದೆ. ಅದು ರೋಗವನ್ನು ಹತ್ತಿಕ್ಕಿ ಇಟ್ಟಿರುತ್ತದೆ, ಪೂರ್ತಿ ತೆಗೆದಿರುವುದಿಲ್ಲ. ಮನೆಗೆ ತಂದು ತಾಮ್ರವಿಲ್ಲದ ನೀರಿಗೆ ಬಿಟ್ಟಿರೋ, ಶುರು.

ಇಷ್ಟಾದ ಮೇಲೆ ನಿಜವಾದ ತಲೆನೋವು ಏನೆಂದರೆ, ಔಷಧಿ ಕೆಲಸ ಮಾಡುವುದು ಈಜಾಡುವ ಮರಿಗಳ ಮೇಲೆ ಮಾತ್ರ. ಚರ್ಮದೊಳಗೆ ಕೂತದ್ದಕ್ಕೂ ಕವಚದೊಳಗಿದ್ದದ್ದಕ್ಕೂ ತಾಮ್ರ ತಾಗುವುದಿಲ್ಲ. ಅದೇ ತಾಮ್ರ ಹವಳ, ಸೀಗಡಿ, ಬಸವನಹುಳು ಎಲ್ಲವನ್ನೂ ಕೊಲ್ಲುತ್ತದೆ, ಕಲ್ಲು ಮರಳಿನೊಳಕ್ಕೂ ಇಳಿದುಬಿಡುತ್ತದೆ. ಅಂದಮೇಲೆ ದೊಡ್ಡ ಟ್ಯಾಂಕಿಗೆ ಔಷಧಿ ಹಾಕುವ ಹಾಗಿಲ್ಲ. ಒಮ್ಮೆ ರೋಗ ಒಳಗೆ ಹೋಯಿತೋ, ಇರುವ ದಾರಿ ಒಂದೇ: ಒಂದು ಮೀನೂ ಬಿಡದಂತೆ ಹಿಡಿದು ಹೊರಗೆ ತೆಗೆದು, ಆ ಟ್ಯಾಂಕನ್ನು ಮೀನಿಲ್ಲದೆ ಖಾಲಿ ಬಿಡುವುದು. ಎಷ್ಟು ದಿನ? ಆ 72ರ ಲೆಕ್ಕದ ಮೇಲೆ ನಾಲ್ಕು ದಿನ ಸೇರಿಸಿ 76 ದಿನ ಅಂತ ಹವ್ಯಾಸಿಗಳು ಪಾಲಿಸುತ್ತಾರೆ. ಕಲ್ಲಿನ ಸಂದಿಗಳಲ್ಲಿ ಅಡಗುವ ಮೀನನ್ನು ಹಿಡಿಯಲು ನೀವು ಯಾವತ್ತಾದರೂ ಪ್ರಯತ್ನಪಟ್ಟಿದ್ದರೆ ಹೊಸ ಮೀನನ್ನು ಒಂದೂವರೆ ಎರಡು ತಿಂಗಳು ಬೇರೆ ಇಡುವುದು ಎಷ್ಟು ಸುಲಭದ ಕೆಲಸ ಅಂತ ಬೇರೆ ಹೇಳಬೇಕಿಲ್ಲ.

ಇಕ್ ಒಂದೇ ಅಲ್ಲ. ವೆಲ್ವೆಟ್ ಅಂತ ಇನ್ನೊಂದಿದೆ, ಅಮೈಲೊಡಿನಿಯಮ್ ಒಸೆಲೇಟಮ್. ಇದು ಇಕ್‌ಗಿಂತ ತುಂಬಾ ಕೆಟ್ಟದ್ದು. ಚುಕ್ಕೆ ಅಲ್ಲ, ಮೈಮೇಲೆ ನುಣ್ಣನೆಯ ಹಿಟ್ಟು ಉದುರಿಸಿದ ಹಾಗೆ ಕಾಣುತ್ತದೆ. ಕೋಣೆಯ ದೀಪ ಆರಿಸಿ ಟಾರ್ಚ್ ಬೆಳಕನ್ನು ಪಕ್ಕದಿಂದ ಬಿಟ್ಟರೆ ಆ ಹಿಟ್ಟು ಮಿಂಚುತ್ತದೆ. ಆದರೆ ಎಷ್ಟೋ ಸಲ ಹಿಟ್ಟು ಕಾಣುವ ಮುಂಚೆಯೇ ಕಿವಿರು ಹಾಳಾಗಿ ಮೀನು ಸತ್ತಿರುತ್ತದೆ. ಮೀನು ಬೆಳಕಿಗೆ ಹೆದರಿ ಅಡಗಿದರೆ, ಪಂಪಿನ ನೀರು ರಭಸವಾಗಿ ಬರುವ ಕಡೆಗೆ ಮುಖ ಮಾಡಿ ನಿಂತರೆ, ಏದುಸಿರು ಬಿಟ್ಟರೆ ಇದನ್ನೇ ಮೊದಲು ಅನುಮಾನಿಸಿ. ಬ್ರೂಕ್ಲಿನೆಲ್ಲಾ ಅನ್ನೋದು ಕ್ಲೌನ್ ಮೀನುಗಳನ್ನು ಜಾಸ್ತಿ ಹಿಡಿಯುತ್ತದೆ, ಮೈಯಿಂದ ಲೋಳೆ ಪದರ ಪದರವಾಗಿ ಏಳುತ್ತದೆ, ತಾಮ್ರಕ್ಕೆ ಬಗ್ಗುವುದಿಲ್ಲ, ಫಾರ್ಮಲಿನ್ ಬೇಕು. ಆಮೇಲೆ ಫ್ಲೂಕ್ ಅನ್ನೋ ಚಪ್ಪಟೆ ಹುಳುಗಳು, ಅವುಗಳ ವಿಷಯಕ್ಕೆ ಮತ್ತೆ ಬರುತ್ತೇನೆ.

ಬೋಳು ಟ್ಯಾಂಕು

ಈಗ ಟ್ಯಾಂಕು. ಸಣ್ಣ ಮೀನುಗಳಿಗೆ 75–80 ಲೀಟರಿನ ಸಾದಾ ಗಾಜಿನ ತೊಟ್ಟಿ ಸಾಕು, ಟ್ಯಾಂಗ್ ಥರದ ಓಡಾಡುವ ಮೀನಿಗೆ ಇದರ ಎರಡರಷ್ಟು ಇದ್ದರೆ ಒಳ್ಳೆಯದು. ಒಳಗೆ ಮರಳು ಬೇಡ, ಕಲ್ಲು ಬೇಡ, ಹವಳದ ಚೂರೂ ಬೇಡ. ಕಾರಣ ಈಗಾಗಲೇ ಗೊತ್ತಿದೆ, ಅಲ್ವಾ? ಸುಣ್ಣದ ಅಂಶವಿರುವ ಕಲ್ಲು ಮರಳು ತಾಮ್ರವನ್ನು ಹೀರಿಕೊಳ್ಳುತ್ತವೆ, ಹೀಗಾಗಿ ನೀರಿನಲ್ಲಿ ಎಷ್ಟು ಔಷಧಿ ಉಳಿದಿದೆ ಅಂತ ಲೆಕ್ಕವೇ ಸಿಗುವುದಿಲ್ಲ. ತಳ ಬೋಳಾಗಿದ್ದರೆ ಇನ್ನೊಂದು ಲಾಭ: ಮೀನಿನ ಮಲ ಹೇಗಿದೆ, ಹಾಕಿದ ಆಹಾರದಲ್ಲಿ ಎಷ್ಟು ಉಳಿಯಿತು, ಎಲ್ಲ ಕಾಣುತ್ತದೆ. ಬಿಳಿ ದಾರದಂಥ ಮಲ ದಿನಾ ಕಂಡರೆ ಹೊಟ್ಟೆಯಲ್ಲಿ ಏನೋ ಇದೆ ಅಂತ ಅರ್ಥ. ಮರಳಿದ್ದರೆ ಅದು ಕಣ್ಣಿಗೇ ಬೀಳುತ್ತಿರಲಿಲ್ಲ. ಗಾಜಿನ ತಳದಲ್ಲಿ ತನ್ನದೇ ನೆರಳು ಕಂಡು ಮೀನು ಬೆದರುತ್ತದೆ, ಹಾಗಾಗಿ ತೊಟ್ಟಿಯ ಕೆಳಗೆ ಮತ್ತು ಹಿಂದೆ ಹೊರಗಿನಿಂದ ಕಪ್ಪು ಕಾಗದ ಅಂಟಿಸಿ.

ಅಡಗಲು ಜಾಗ ಮಾತ್ರ ಬೇಕೇ ಬೇಕು. ಪಿವಿಸಿ ಪೈಪಿನ ಎಲ್ಬೋ ಮತ್ತು ಟೀ ತುಂಡುಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತವೆ, ಔಷಧಿ ಹೀರುವುದಿಲ್ಲ, ತೊಳೆದು ಒಣಗಿಸಬಹುದು. ಮೀನು ಸಲೀಸಾಗಿ ಒಳಹೊಕ್ಕು ತಿರುಗುವಷ್ಟು ಅಗಲದ್ದು ತನ್ನಿ, ಮೀನಿಗೊಂದಕ್ಕಿಂತ ಒಂದೆರಡು ಜಾಸ್ತಿಯೇ ಇರಲಿ. ಮರಳಿನಲ್ಲಿ ಹೂತುಕೊಂಡು ಮಲಗುವ ವ್ರಾಸ್ ಜಾತಿಯ ಮೀನಾದರೆ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಮರಳು ತುಂಬಿ ಒಂದು ಮೂಲೆಗಿಡಿ, ಅದು ತಾಮ್ರ ಹೀರುವುದಿಲ್ಲ.

ಹೀಟರ್, ಥರ್ಮಾಮೀಟರ್, ಸಾದಾ ದೀಪ. 25–26 ಡಿಗ್ರಿ ಸೆಲ್ಸಿಯಸ್. ಮುಚ್ಚಳವನ್ನು ಮರೆಯಬೇಡಿ. ಹೊಸ ಜಾಗದಲ್ಲಿ ಬೆದರಿದ ಮೀನು ಮೊದಲ ರಾತ್ರಿಯೇ ಹಾರುತ್ತದೆ, ಬೆಳಿಗ್ಗೆ ನೆಲದ ಮೇಲೆ ಒಣಗಿ ಸಿಗುತ್ತದೆ. ಬಲೆ ಮುಚ್ಚಳ ಸಾಕು. ಒಂದು ಏರ್ ಸ್ಟೋನ್ ಹಗಲೂ ರಾತ್ರಿ ಗುಳ್ಳೆ ಬಿಡುತ್ತಿರಲಿ. ಉಪ್ಪುನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ, ಕೆಲವು ಔಷಧಿ ಹಾಕಿದರೆ ಇನ್ನೂ ಇಳಿಯುತ್ತದೆ. ಫಿಲ್ಟರಿನಲ್ಲಿ ಕಾರ್ಬನ್ ಇದ್ದರೆ ತೆಗೆದುಬಿಡಿ, ಅದು ಔಷಧಿಯನ್ನೇ ಹಿಡಿದು ತೆಗೆಯುತ್ತದೆ.

ಒಂದು ಸಣ್ಣ ಉಪಾಯ, ಇದನ್ನು ಯಾರೂ ಮೊದಲ ದಿನ ಹೇಳಿಕೊಡುವುದಿಲ್ಲ. ತೊಟ್ಟಿಯನ್ನು ಮೊದಲ ಸಲ ತುಂಬುವಾಗ ಬಕೆಟ್ ಅಳತೆಯಲ್ಲೇ ತುಂಬಿ, ಎಷ್ಟು ಲೀಟರ್ ಹಿಡಿಯಿತು ಅಂತ ಬರೆದಿಟ್ಟುಕೊಳ್ಳಿ. 80 ಲೀಟರಿನದು ಅಂತ ಕೊಂಡ ತೊಟ್ಟಿಯಲ್ಲಿ ಅಂಚಿನ ಕೆಳಗೆ ಜಾಗ ಬಿಟ್ಟು ತುಂಬಿದರೆ ನಿಜವಾಗಿ 68–70 ಲೀಟರ್ ಇರುತ್ತದೆ. ಔಷಧಿಯ ಲೆಕ್ಕವೆಲ್ಲ ಈ ನಿಜವಾದ ಅಂಕಿಯ ಮೇಲೆ. ಆ ನೀರಿನ ಮಟ್ಟಕ್ಕೆ ಹೊರಗಿನಿಂದ ಒಂದು ಟೇಪ್ ಅಂಟಿಸಿ. ದಿನಾ ಆವಿಯಾಗಿ ನೀರು ಟೇಪಿನಿಂದ ಕೆಳಗಿಳಿಯುತ್ತದೆ, ಉಪ್ಪು ಮತ್ತು ತಾಮ್ರ ಒಳಗೇ ಉಳಿದು ಗಟ್ಟಿಯಾಗುತ್ತವೆ. ಹಾಗಾಗಿ ಟೇಪಿನವರೆಗೆ ಉಪ್ಪಿಲ್ಲದ ಆರ್‌ಓ ನೀರು ಸೇರಿಸಿದರೆ ಎಲ್ಲ ಮತ್ತೆ ಮೊದಲಿನ ಮಟ್ಟಕ್ಕೆ.

ಅಮೋನಿಯಾ ಅನ್ನೋ ಅಸಲಿ ಶತ್ರು

ಕ್ವಾರಂಟೈನ್ ಮಾಡಿದರೂ ಮೀನು ಸತ್ತಿತು, ಇದೆಲ್ಲ ಸುಮ್ನೆ ಹಿಂಸೆ ಅನ್ನುವವರು ಸಿಗುತ್ತಾರೆ. ಕೇಳುತ್ತಾ ಹೋದರೆ ಎರಡು ಮೂರು ದಿನದ ಹಿಂದೆ ಕಟ್ಟಿದ ತೊಟ್ಟಿ, ಹೊಸ ಫಿಲ್ಟರ್, ಹೊಸ ನೀರು. ನಾನು ಕಂಡಂತೆ ಇಂಥ ಟ್ಯಾಂಕುಗಳಲ್ಲಿ ಸಾಯುವ ಮೀನುಗಳಲ್ಲಿ ಹೆಚ್ಚಿನವು ರೋಗದಿಂದಲ್ಲ, ಅಮೋನಿಯಾದಿಂದ ಸಾಯುತ್ತವೆ. ಕ್ವಾರಂಟೈನಿನ ತಪ್ಪಲ್ಲ ಅದು, ಆತುರದ ತಪ್ಪು.

ಮೀನು ಉಸಿರಾಡುವಾಗ ಕಿವಿರಿನಿಂದ ಅಮೋನಿಯಾ ಬಿಡುತ್ತದೆ. ದೊಡ್ಡ ಟ್ಯಾಂಕಿನಲ್ಲಿ ಕಲ್ಲು ಮರಳಿನ ಮೇಲೆಲ್ಲ ಕೂತಿರುವ ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸುತ್ತವೆ. ಬೋಳು ತೊಟ್ಟಿಯಲ್ಲಿ ಬ್ಯಾಕ್ಟೀರಿಯಾಕ್ಕೆ ಮನೆಯೇ ಇಲ್ಲ. ಜೊತೆಗೆ ಉಪ್ಪುನೀರಿನ ಪಿಎಚ್ 8.2ರ ಹತ್ತಿರ ಇರುತ್ತದೆ, ಇದು ವಿಷಯವನ್ನು ಇನ್ನಷ್ಟು ಕೆಡಿಸುತ್ತದೆ. ಅಮೋನಿಯಾ ನೀರಿನಲ್ಲಿ ಎರಡು ರೂಪದಲ್ಲಿ ಇರುತ್ತದೆ. ಒಂದು ಅಮೋನಿಯಂ, ಅಷ್ಟೇನೂ ಅಪಾಯವಿಲ್ಲ. ಇನ್ನೊಂದು ಬಿಡಿ ಅಮೋನಿಯಾ, ಅದೇ ವಿಷ. ಪಿಎಚ್ 7 ಇರುವ ನೀರಿನಲ್ಲಿ ನೂರಕ್ಕೆ ಒಂದು ಭಾಗವೂ ವಿಷದ ರೂಪದಲ್ಲಿ ಇರುವುದಿಲ್ಲ. 8.2 ಆದರೆ ನೂರಕ್ಕೆ ಏಳೆಂಟು ಭಾಗ. ಸಿಹಿನೀರಿನ ಮೀನು ಸಾಕಿ ಅಭ್ಯಾಸ ಇರುವವರು ಇಲ್ಲಿ ಮೋಸ ಹೋಗುತ್ತಾರೆ, ಅಲ್ಲಿ ನಡೆದುಹೋದದ್ದು ಇಲ್ಲಿ ನಡೆಯುವುದಿಲ್ಲ.

ಇದಕ್ಕೆ ಪರಿಹಾರ ಮೀನು ತರುವ ದಿನ ಹುಡುಕುವಂಥದ್ದಲ್ಲ. ಒಂದು ದಪ್ಪ ಸ್ಪಂಜನ್ನು ತಿಂಗಳ ಮುಂಚೆಯೇ ದೊಡ್ಡ ಟ್ಯಾಂಕಿನ ಸಂಪಿನಲ್ಲಿ (ಅದಕ್ಕೆ ಜೋಡಿಸಿರುವ ಫಿಲ್ಟರ್ ತೊಟ್ಟಿ), ನೀರು ಹರಿಯುವ ಜಾಗದಲ್ಲಿ ಹಾಕಿಡಿ. ನಾಲ್ಕರಿಂದ ಆರು ವಾರದಲ್ಲಿ ಅದರ ತೂತುತೂತಿನಲ್ಲೂ ಬ್ಯಾಕ್ಟೀರಿಯಾ ಕೂತಿರುತ್ತವೆ. ಮೀನು ಬರುವ ದಿನ ಅದನ್ನು ಎತ್ತಿ ಕ್ವಾರಂಟೈನ್ ಟ್ಯಾಂಕಿನ ಫಿಲ್ಟರಿಗೆ ಸಿಕ್ಕಿಸಿದರೆ ಆಯಿತು. ನಿಮ್ಮ ದೊಡ್ಡ ಟ್ಯಾಂಕಿನಲ್ಲೇ ರೋಗ ಇದ್ದರೆ ಮಾತ್ರ ಈ ದಾರಿ ಬೇಡ, ಸ್ಪಂಜಿನ ಜೊತೆ ಕವಚಗಳೂ ಬರುತ್ತವೆ. ಆಗ ಬಾಟಲಿಯಲ್ಲಿ ಸಿಗುವ ಬ್ಯಾಕ್ಟೀರಿಯಾ ಹಾಕಿ, ಮೀನಿಲ್ಲದ ತೊಟ್ಟಿಗೆ ಸ್ವಲ್ಪ ಅಮೋನಿಯಂ ಕ್ಲೋರೈಡ್ ಸೇರಿಸಿ ಪರೀಕ್ಷೆ ಮಾಡುತ್ತಾ ಬನ್ನಿ. ಲೀಟರಿಗೆ 2 ಮಿಲಿಗ್ರಾಂ ಅಮೋನಿಯಾ 24 ಗಂಟೆಯಲ್ಲಿ ಸೊನ್ನೆಗೆ ಬರುವ ಹಾಗಾದರೆ ತೊಟ್ಟಿ ತಯಾರು.

ಗಾಜಿಗೆ ಅಂಟಿಸುವ ಅಮೋನಿಯಾ ಬಿಲ್ಲೆ ಸಿಗುತ್ತದೆ, ಒಂದು ತಂದು ಕಣ್ಣಿಗೆ ಬೀಳುವ ಕಡೆ ಅಂಟಿಸಿ. ಅದು ತೋರಿಸುವುದು ಆ ವಿಷದ ರೂಪವನ್ನು ಮಾತ್ರ, ಅದೇ ನಮಗೆ ಬೇಕಾದದ್ದು. ನನ್ನದರಲ್ಲಿ ಹಳದಿ ಇದ್ದರೆ ಕ್ಷೇಮ, ಹಸಿರಿಗೆ ತಿರುಗಿದರೆ ಎಚ್ಚರಿಕೆ, ನೀಲಿ ಬಂದರೆ ಬಕೆಟ್ ಹಿಡಿದು ಓಡಬೇಕು. ನಾನು ಕೋಣೆಗೆ ಹೋದಾಗಲೆಲ್ಲ ಮೀನನ್ನು ನೋಡುವ ಮುಂಚೆ ಬಿಲ್ಲೆ ನೋಡುತ್ತೇನೆ. ಹಸಿರು ಕಂಡ ದಿನ ಕಾಲು ಭಾಗ ನೀರು ಬದಲಿಸುವುದು, ಆಹಾರ ಅರ್ಧಕ್ಕೆ ಇಳಿಸುವುದು. ಇದಕ್ಕಾಗಿ ಬೆರೆಸಿಟ್ಟ ಉಪ್ಪುನೀರು ಒಂದು ಡ್ರಮ್ಮಿನಲ್ಲಿ ಯಾವಾಗಲೂ ತಯಾರಿರಬೇಕು. ಹಸಿರು ಕಂಡ ಮೇಲೆ ಉಪ್ಪು ಕಲಸಲು ಕೂತರೆ ತಡವಾಯಿತು.

ಅಮೋನಿಯಾವನ್ನು ಕಟ್ಟಿಹಾಕುವ ದ್ರಾವಣಗಳೂ ಇವೆ. ತಾಮ್ರ ಹಾಕಿರುವ ನೀರಿಗೆ ಅವನ್ನು ಹಾಕಬೇಡಿ. ಅವು ತಾಮ್ರವನ್ನು ಇನ್ನೂ ಹೆಚ್ಚು ವಿಷದ ರೂಪಕ್ಕೆ ತಿರುಗಿಸಬಲ್ಲವು.

ಚೀಲ ಬಿಚ್ಚುವ ಹೊತ್ತು

ದೂರದಿಂದ ಬಂದ ಮೀನನ್ನು ಗಂಟೆಗಟ್ಟಲೆ ತೊಟ್ಟು ತೊಟ್ಟಾಗಿ ನೀರು ಬಿಟ್ಟು ಹೊಂದಿಸಬೇಕು ಅಂತ ಹಳೆಯ ಸಲಹೆ ಇದೆ. ಮೀನಿನ ಮೇಲಿನ ಪ್ರೀತಿಯಿಂದ ಮಾಡುವ ಕೆಲಸ, ಆದರೆ ಎಷ್ಟೋ ಸಲ ಅದೇ ಕೊಲ್ಲುತ್ತದೆ. ಕಟ್ಟಿದ ಚೀಲದಲ್ಲಿ ಮೀನು ಉಸಿರಾಡಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ಅದರಿಂದ ಪಿಎಚ್ ಇಳಿದಿರುತ್ತದೆ. ಅಮೋನಿಯಾವೂ ಸಾಕಷ್ಟು ಸೇರಿರುತ್ತದೆ, ಆದರೆ ಪಿಎಚ್ ಕಡಿಮೆ ಇರುವುದರಿಂದ ಅದೆಲ್ಲ ಅಪಾಯವಿಲ್ಲದ ಅಮೋನಿಯಂ. ಚೀಲ ಬಿಚ್ಚಿದ ತಕ್ಷಣ ಗಾಳಿ ಆಡಿ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ, ಪಿಎಚ್ ಏರುತ್ತದೆ, ಅದೇ ನೀರು ನಿಮಿಷಗಳಲ್ಲಿ ವಿಷವಾಗುತ್ತದೆ. ಅಂಥ ನೀರಿನಲ್ಲಿ ಮೀನನ್ನು ಎರಡು ಗಂಟೆ ಕೂರಿಸಿ ತೊಟ್ಟು ಬಿಡುತ್ತಾ ಇದ್ದರೆ ಇನ್ನೇನಾಗುತ್ತದೆ?

ಬದಲಿಗೆ ಕ್ವಾರಂಟೈನ್ ಟ್ಯಾಂಕಿನ ನೀರನ್ನೇ ಚೀಲದ ನೀರಿಗೆ ಹೊಂದಿಸಿ. ಅಂಗಡಿಗಳು ಎಷ್ಟೋ ಸಲ ಉಪ್ಪುನೀರಿನ ಸಾಂದ್ರತೆಯನ್ನು (ಶುದ್ಧ ನೀರು 1 ಅಂತ ಇಟ್ಟುಕೊಂಡ ಅಳತೆ) 1.018–1.020ರಲ್ಲಿ ಇಟ್ಟಿರುತ್ತವೆ, ನಮ್ಮದು 1.025. ಮುಂಚೆಯೇ ಕೇಳಿ ತಿಳಿದುಕೊಂಡು ನಿಮ್ಮ ತೊಟ್ಟಿಯನ್ನು ಅದೇ ಮಟ್ಟಕ್ಕೆ ತಂದಿಡಿ. ಚೀಲವನ್ನು ಮುಚ್ಚಿದ ಹಾಗೇ 15–20 ನಿಮಿಷ ತೇಲಿಸಿ, ತಾಪ ಒಂದಾಗಲಿ. ಆಮೇಲೆ ಬಿಚ್ಚಿ, ಉಪ್ಪು ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಒಂದು ಹನಿ ನೋಡಿ, ಹೊಂದುತ್ತಿದ್ದರೆ ಮೀನನ್ನು ತೊಟ್ಟಿಗೆ ಬಿಡಿ. ಚೀಲದ ನೀರು ಮೋರಿಗೆ, ಒಂದು ಹನಿಯೂ ತೊಟ್ಟಿಗೆ ಬೇಡ. ಉಪ್ಪನ್ನು ಆಮೇಲೆ ದಿನಕ್ಕೆ 0.001–0.002ರಂತೆ ನಿಧಾನವಾಗಿ ಏರಿಸಿ. ಉಪ್ಪು ಇಳಿಯುವುದನ್ನು ಮೀನು ತಡೆದುಕೊಳ್ಳುತ್ತದೆ, ಏರುವುದನ್ನು ಅಷ್ಟು ಸುಲಭವಾಗಿ ತಡೆದುಕೊಳ್ಳುವುದಿಲ್ಲ.

ಮೊದಲ ದಿನ ದೀಪ ಬೇಡ. ಮೊದಲ ಮೂರು ನಾಲ್ಕು ದಿನ ಔಷಧಿಯೂ ಬೇಡ, ಕಣ್ಣೆದುರೇ ವೆಲ್ವೆಟ್ ಕಂಡರೆ ಮಾತು ಬೇರೆ. ಆ ದಿನಗಳಲ್ಲಿ ಒಂದೇ ಕೆಲಸ, ಮೀನು ತಿನ್ನಬೇಕು. ಫ್ರೋಜನ್ ಮೈಸಿಸ್ ಸೀಗಡಿ, ಅದಕ್ಕೂ ಬಾಯಿ ಹಾಕದಿದ್ದರೆ ಆರ್ಟೀಮಿಯಾ ಅನ್ನೋ ಜೀವಂತ ಪುಟ್ಟ ಸೀಗಡಿ, ಟ್ಯಾಂಗಿಗೆ ಒಂದು ಕ್ಲಿಪ್ಪಿಗೆ ಸಿಕ್ಕಿಸಿದ ಒಣ ಕಡಲಪಾಚಿ ಹಾಳೆ. ಸ್ವಲ್ಪ ಸ್ವಲ್ಪ, ದಿನಕ್ಕೆ ಮೂರು ನಾಲ್ಕು ಸಲ. ಉಳಿದದ್ದನ್ನು ಹತ್ತು ನಿಮಿಷದಲ್ಲಿ ಹೀರಿ ತೆಗೆಯಿರಿ. ತಿನ್ನದ ಮೀನಿಗೆ ತಾಮ್ರ ಹಾಕಿದರೆ ಆಮೇಲಂತೂ ತಿನ್ನುವುದೇ ಇಲ್ಲ.

ತಾಮ್ರ ಹಾಕಬೇಕೋ ಬೇಡವೋ

ಇಲ್ಲಿ ಎರಡು ಪಂಗಡ ಇವೆ. ಒಂದು ಪಂಗಡ, ಸುಮ್ಮನೆ ಬೇರೆ ಇಟ್ಟು ನೋಡುತ್ತಿರಿ, ರೋಗ ಕಂಡರೆ ಮಾತ್ರ ಔಷಧಿ ಅನ್ನುತ್ತದೆ. ಇನ್ನೊಂದು, ಕಂಡರೂ ಕಾಣದಿದ್ದರೂ ಎಲ್ಲ ಮೀನಿಗೂ ಔಷಧಿ ಹಾಕಿಯೇ ಒಳಗೆ ಬಿಡಿ ಅನ್ನುತ್ತದೆ. ನಾನು ಎರಡನೆಯ ಪಂಗಡ, ಒಂದು ಷರತ್ತಿನ ಜೊತೆ. ಸಮುದ್ರದಿಂದ ಹಿಡಿದು ಹತ್ತಾರು ತೊಟ್ಟಿ ದಾಟಿ ಬಂದ ಮೀನಿಗೆ ಔಷಧಿ ಹಾಕುತ್ತೇನೆ, ಯಾಕೆಂದರೆ ಇಕ್ ಸುತ್ತು ಸುತ್ತಾಗಿ ಮತ್ತೆ ಮತ್ತೆ ಕಿವಿರಿಗೇ ಹತ್ತುತ್ತಾ ತಿಂಗಳುಗಟ್ಟಲೆ ಕಣ್ಣಿಗೆ ಕಾಣದೆ ಇರಬಲ್ಲದು. ಸಾಕಣೆ ಕೇಂದ್ರದಲ್ಲೇ ಹುಟ್ಟಿ ಬೆಳೆದು, ಬೇರೆ ಮೀನಿನ ನೀರು ಸೋಕದೆ ನೇರವಾಗಿ ಬಂದದ್ದಾದರೆ 30 ದಿನ ನೋಡುವುದು ಸಾಕು.

ತಾಮ್ರದ ವಿಷಯದಲ್ಲಿ ಒಂದು ಎಡವಟ್ಟು ಪದೇ ಪದೇ ಆಗುತ್ತದೆ. ಕೆಲವು ಔಷಧಿಗಳಲ್ಲಿ ತಾಮ್ರ ಬಿಡಿಯಾಗಿರುತ್ತದೆ, ಕಾಪರ್ ಸಲ್ಫೇಟ್ ಥರ. ಅದಕ್ಕೆ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ ಸಾಕು. ಇನ್ನು ಕೆಲವಲ್ಲಿ ತಾಮ್ರವನ್ನು ಬೇರೆ ಅಣುವಿಗೆ ಕಟ್ಟಿರುತ್ತಾರೆ, ಚೀಲೇಟೆಡ್ ಅಂತ ಬರೆದಿರುತ್ತದೆ. ಅದಕ್ಕೆ 2ರಿಂದ 2.5 ಬೇಕು. ಹತ್ತು ಪಟ್ಟು ವ್ಯತ್ಯಾಸ! ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಹಾಕಿದರೆ ಒಂದೋ ಔಷಧಿ ಕೆಲಸ ಮಾಡುವುದಿಲ್ಲ, ಇಲ್ಲವೇ ಮೀನು ಸಾಯುತ್ತದೆ. ಬಾಟಲಿ ಓದಿ, ಅದಕ್ಕೆ ಹೊಂದುವ ಪರೀಕ್ಷಾ ಕಿಟ್ಟೇ ತನ್ನಿ. ಬಣ್ಣ ಹೋಲಿಸಿ ನೋಡುವ ಕಿಟ್ಟುಗಳಲ್ಲಿ 1.5ಕ್ಕೂ 2ಕ್ಕೂ ವ್ಯತ್ಯಾಸ ಕಾಣುವುದು ಕಷ್ಟ, ಅಂಕಿ ತೋರಿಸುವ ಡಿಜಿಟಲ್ ಮೀಟರ್ ಇದ್ದರೆ ನೆಮ್ಮದಿ.

ನಾಲ್ಕೈದು ದಿನದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ಪೂರ್ತಿ ಮಟ್ಟ ತಲುಪಿದ ದಿನದಿಂದ ಎಣಿಕೆ ಶುರು. ಅಲ್ಲಿಂದ 30 ದಿನ ಅದಕ್ಕಿಂತ ಕೆಳಗೆ ಇಳಿಯಬಾರದು. 14 ದಿನದಲ್ಲೂ ಮುಗಿಸಬಹುದು, ಆದರೆ ಆಗ ಮೀನನ್ನು ಬೇರೊಂದು ತೊಳೆದು ಒಣಗಿಸಿದ ತೊಟ್ಟಿಗೆ ಸಾಗಿಸಬೇಕು. ಯಾಕೆ ಅಂತ ಲೆಕ್ಕ ಹಾಕಿ ನೋಡಿ: ಚರ್ಮದೊಳಗೆ ಇಕ್ ಇರುವುದು ಹೆಚ್ಚೆಂದರೆ ಏಳು ದಿನ, ಹೊಸ ಮರಿ ಹತ್ತದಂತೆ ತಾಮ್ರ ಕಾಯುತ್ತಿದೆ, ಹಾಗಾಗಿ ಎರಡು ವಾರದ ಹೊತ್ತಿಗೆ ಮೀನಿನ ಮೈ ಖಾಲಿ. ಆದರೆ ತೊಟ್ಟಿಯ ಗಾಜಿನ ಮೇಲೆ ಒಡೆಯದ ಕವಚ ಇದ್ದೇ ಇರಬಹುದು. ಮಧ್ಯದಲ್ಲಿ ಒಂದು ದಿನ ಮಟ್ಟ ಇಳಿದರೆ ಎಣಿಕೆ ಮತ್ತೆ ಒಂದರಿಂದ. ನೀರು ಬದಲಿಸಿದಾಗ ಇದು ಆಗುತ್ತದೆ. 70 ಲೀಟರಿನಲ್ಲಿ 15 ಲೀಟರ್ ತೆಗೆದಿರಾದರೆ, ಹೊಸ 15 ಲೀಟರಿಗೆ ಬೇಕಾದಷ್ಟು ತಾಮ್ರವನ್ನು ಮೊದಲೇ ಬಕೆಟ್ಟಿನಲ್ಲಿ ಬೆರೆಸಿ ಆಮೇಲೆ ಸುರಿಯಿರಿ.

ಮ್ಯಾಂಡರಿನ್, ಲೆಪರ್ಡ್ ವ್ರಾಸ್, ಕೆಲವು ಕುಳ್ಳ ಏಂಜೆಲ್ ಮೀನುಗಳಿಗೆ ತಾಮ್ರ ಅಷ್ಟಾಗಿ ಒಗ್ಗುವುದಿಲ್ಲ. ಅಂಥವಕ್ಕೆ ನಾನು ತೊಟ್ಟಿ ಬದಲಿಸುವ ವಿಧಾನ ಮಾಡುತ್ತೇನೆ. ಔಷಧಿಯೇ ಇಲ್ಲ, ಬರೀ ಲೆಕ್ಕ. ಕೆಳಗೆ ಬಿದ್ದ ಇಕ್ ಮರಿಯಾಗಿ ಹೊರಬರಲು ಕನಿಷ್ಠ ಮೂರು ದಿನ ಬೇಕು ಅಲ್ವಾ? ಹಾಗಾದರೆ 72 ಗಂಟೆಯಾಗುವ ಮುಂಚೆ ಮೀನನ್ನು ಪೂರ್ತಿ ಬೇರೆ ತೊಟ್ಟಿಗೆ, ಬೇರೆ ನೀರಿಗೆ ಸಾಗಿಸಿ. ಬಿದ್ದದ್ದೆಲ್ಲ ಹಿಂದೆಯೇ ಉಳಿಯಿತು. ಹಳೆಯ ತೊಟ್ಟಿ, ಪೈಪು, ಹೀಟರ್ ಎಲ್ಲ ತೊಳೆದು ಪೂರ್ತಿ ಒಣಗಿಸಿ, ಒಣಗಿದರೆ ಕವಚ ಸಾಯುತ್ತದೆ. ಹೀಗೆ ನಾಲ್ಕು ಸಲ ಸಾಗಿಸಿದರೆ ಹನ್ನೆರಡು ದಿನಕ್ಕೆ ಮೀನಿನ ಮೇಲೆ ಇಕ್ ಉಳಿಯುವುದಿಲ್ಲ. ನೋಡಲು ಎಷ್ಟು ಅಚ್ಚುಕಟ್ಟು! ಆದರೆ ವೆಲ್ವೆಟ್ ಇನ್ನೂ ಬೇಗ ಸುತ್ತು ಮುಗಿಸುವುದರಿಂದ ಅದಕ್ಕೆ ಈ ಲೆಕ್ಕ ಹಿಡಿಯುವುದಿಲ್ಲ. ಬ್ರೂಕ್ಲಿನೆಲ್ಲಾಕ್ಕಂತೂ ಇಲ್ಲವೇ ಇಲ್ಲ, ಅದು ಮೀನಿನ ಮೈಮೇಲೆಯೇ ಎರಡೆರಡಾಗಿ ಬೆಳೆಯುತ್ತದೆ.

ಈಗ ಫ್ಲೂಕ್. ಒಂದು ಏಂಜೆಲ್ ಮೀನು ಒಂದೇ ಸಮನೆ ಪೈಪಿಗೆ ಮೈ ಉಜ್ಜುತ್ತಿತ್ತು, ಒಂದು ಕಣ್ಣು ಮಂಜಾಗಿತ್ತು, ಬೇರೇನೂ ಕಾಣುತ್ತಿರಲಿಲ್ಲ. ಕಪ್ಪು ಬಕೆಟ್ಟಿನಲ್ಲಿ ಆರ್‌ಓ ನೀರು ತೆಗೆದುಕೊಂಡು, ತಾಪ ಹೊಂದಿಸಿ, ಅಡುಗೆ ಸೋಡಾ ಹಾಕಿ ಪಿಎಚ್ ಅನ್ನು 8.2ಕ್ಕೆ ತಂದು, ಗಾಳಿ ಬಿಟ್ಟು, ಮೀನನ್ನು ಐದು ನಿಮಿಷ ಅದರಲ್ಲಿ ಇಟ್ಟೆ. ಉಪ್ಪಿಲ್ಲದ ನೀರು ಒಳನುಗ್ಗಿ ಹುಳುಗಳು ಬಿಳಿಯಾಗುತ್ತವೆ. ಎರಡನೇ ನಿಮಿಷಕ್ಕೆ ಆ ಸ್ವಚ್ಛ ಮೈಯಿಂದ ಉಗುರಿನ ಚೂರಿನಂಥ ಬಿಳಿ ಬಿಲ್ಲೆಗಳು ಒಂದೊಂದಾಗಿ ಕಳಚಿ ಕಪ್ಪು ತಳಕ್ಕೆ ಇಳಿಯತೊಡಗಿದವು. ಮೂವತ್ತರವರೆಗೆ ಎಣಿಸಿ ಬಿಟ್ಟುಬಿಟ್ಟೆ. ಅಷ್ಟು ಹೊತ್ತೂ ಅವು ಅಲ್ಲೇ ಇದ್ದವು, ಗಾಜಿನಂತೆ ಪಾರದರ್ಶಕವಾಗಿ.

ಆ ಸ್ನಾನದಿಂದ ಎಲ್ಲವೂ ಹೋಗುವುದಿಲ್ಲ. ಪ್ರಾಜಿಕ್ವಾಂಟೆಲ್ ಅನ್ನೋ ಹುಳುವಿನ ಔಷಧಿ ಹಾಕಬೇಕು, ಲೀಟರಿಗೆ 2.5 ಮಿಲಿಗ್ರಾಂ. ಮೊಟ್ಟೆಗಳ ಮೇಲೆ ಇದು ಕೆಲಸ ಮಾಡುವುದಿಲ್ಲ, ಹಾಗಾಗಿ ಮೊಟ್ಟೆ ಒಡೆಯುವಷ್ಟು ಬಿಟ್ಟು, ಐದರಿಂದ ಏಳು ದಿನಕ್ಕೆ, ಇನ್ನೊಂದು ಸಲ. ನೀರು ಹಾಲಿನಂತೆ ಮಬ್ಬಾದರೆ ಬ್ಯಾಕ್ಟೀರಿಯಾ ಒಮ್ಮೆಲೇ ಬೆಳೆದಿವೆ ಅಂತ ಅರ್ಥ, ಗಾಳಿ ಜೋರು ಮಾಡಿ. ಹೊಸಬರು ತಾಮ್ರ ಮುಗಿದ ಮೇಲೆಯೇ ಇದನ್ನು ಹಾಕುವುದು ಒಳ್ಳೆಯದು. ಎರಡನ್ನೂ ಒಟ್ಟಿಗೆ ಹಾಕಿ ಮೀನು ಮಂಕಾದರೆ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಮಾಡಿ ಒಂದೇ ಜಾಳಿಗೆಯನ್ನು ಎರಡೂ ಟ್ಯಾಂಕಿಗೆ ಅದ್ದಿದರೆ ಎಲ್ಲ ವ್ಯರ್ಥ. ಕ್ವಾರಂಟೈನಿನ ಜಾಳಿಗೆ, ಬಕೆಟ್, ಪೈಪು ಎಲ್ಲಕ್ಕೂ ಕೆಂಪು ಟೇಪ್ ಸುತ್ತಿಡಿ. ದಿನದ ಕೆಲಸ ಮೊದಲು ದೊಡ್ಡ ಟ್ಯಾಂಕಿನದು, ಆಮೇಲೆ ಕ್ವಾರಂಟೈನಿನದು, ಹಿಂದುಮುಂದು ಬೇಡ. ಎರಡರ ನಡುವೆ ಮೂರು ಮೀಟರಾದರೂ ಇರಲಿ, ಬೇರೆ ಕೋಣೆಯಾದರೆ ಇನ್ನೂ ಒಳ್ಳೆಯದು. ಗುಳ್ಳೆ ಒಡೆದಾಗ ಹಾರುವ ಸಣ್ಣ ಹನಿಗಳಲ್ಲಿ ವೆಲ್ವೆಟ್ ಗಾಳಿಯಲ್ಲೂ ಸಾಗಬಲ್ಲದು. ಹವಳ, ಬಸವನಹುಳುಗಳಿಗೆ ಈ ರೋಗ ಬರುವುದಿಲ್ಲ, ಆದರೆ ಅವುಗಳ ಚಿಪ್ಪಿನ ಮೇಲೆ ಕವಚ ಕೂತು ಬರುತ್ತದೆ. ಅವನ್ನೂ ಮೀನಿಲ್ಲದ ಇನ್ನೊಂದು ತೊಟ್ಟಿಯಲ್ಲಿ ಅದೇ 76 ದಿನ ಇಡಬೇಕು. ಅಲ್ಲಿ ತಾಮ್ರ ಮಾತ್ರ ಸೋಕಬಾರದು.

ಔಷಧಿ ಎಲ್ಲ ಮುಗಿದ ಮೇಲೆ ಕಾರ್ಬನ್ ಹಾಕಿ ನೀರು ಸ್ವಚ್ಛ ಮಾಡಿ ಇನ್ನೂ ಎರಡು ವಾರ ಸುಮ್ಮನೆ ನೋಡಿ. ಉಪ್ಪನ್ನು ಈ ಹೊತ್ತಿಗೆ 1.025ಕ್ಕೆ ತಂದಿರಬೇಕು. ದೊಡ್ಡ ಟ್ಯಾಂಕಿಗೆ ಬಿಡುವಾಗ ಅಲ್ಲಿನ ದೀಪ ಆರಿಸಿ, ಹಳೆಯ ಮೀನುಗಳಿಗೆ ಹೊಟ್ಟೆ ತುಂಬಾ ಹಾಕಿ, ಹೊಸಬನನ್ನು ಒಂದೆರಡು ದಿನ ತೂತಿರುವ ಪಾರದರ್ಶಕ ಡಬ್ಬಿಯಲ್ಲಿ ಅಲ್ಲೇ ತೂಗುಬಿಟ್ಟರೆ ಜಗಳ ಕಡಿಮೆ.

ಖಾಲಿಯಾದ ತೊಟ್ಟಿಯನ್ನು ಬ್ಲೀಚ್ ನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ. ತಾಮ್ರ ಕುಡಿದ ಸ್ಪಂಜನ್ನು ಬಿಸಾಡಿ, ಅದು ಮತ್ತೆ ಸಂಪಿಗೆ ಹೋಗುವ ಹಾಗಿಲ್ಲ. ಹೊಸ ಸ್ಪಂಜನ್ನು ಇವತ್ತೇ ಸಂಪಿನಲ್ಲಿ ಹಾಕಿಡಿ, ಮುಂದಿನ ಮೀನು ಯಾವುದು ಅಂತ ತೀರ್ಮಾನ ಆಗದಿದ್ದರೂ.